ವಿಜ್ಞಾನ ಮೇಳಕ್ಕೆ ಎರೆ–ಮಸಾರಿ ಪ್ರಯೋಗ

ಸೋಡಾ–ವಿನೆಗರ್ ಜ್ವಾಲಾಮುಖಿ ಬೇಡ. ಅದು ಬರೀ ಮಾದರಿ. ಅಳೆಯಲು ಬರುವ ಒಂದು ಪ್ರಶ್ನೆ ಬೇಕು. ಗದಗ ಸೀಮೆಯ ಮಕ್ಕಳಿಗೆ ಅದು ಹೊಲದಲ್ಲೇ ಇದೆ: ಎರೆ ಎಂಬ ಕಪ್ಪು ಮಣ್ಣು ಹೆಚ್ಚು ನೀರು ಹಿಡಿಯುತ್ತದೋ, ಮಸಾರಿ ಎಂಬ ಕೆಂಪು ಮಣ್ಣೋ?

ಎರಡನ್ನೂ ಮೂರು ದಿನ ಬಿಸಿಲಿಗೆ ಒಣಗಿಸಿ, ಹೆಂಟೆ ಕುಟ್ಟಿ, ಒಂದೇ ಜರಡಿ ಹಿಡಿಯಿರಿ. ಲೀಟರ್ ಬಾಟಲಿಯನ್ನು ಅಡ್ಡ ಕತ್ತರಿಸಿ, ಬಾಯಿಗೆ ಎರಡು ಪದರ ಒದ್ದೆ ಹತ್ತಿ ಬಟ್ಟೆ ಕಟ್ಟಿ, ಮೇಲಿನ ಅರ್ಧವನ್ನು ಕೆಳಗಿನದರೊಳಗೆ ತಲೆಕೆಳಗಾಗಿ ಕೂರಿಸಿ. 200 ಗ್ರಾಂ ಮಣ್ಣು, 200 ಮಿ.ಲೀ. ನೀರು. ಒಣ ಬಟ್ಟೆಯಾದರೆ ಅದೇ ನೀರು ಹೀರಿ ಲೆಕ್ಕ ಕೆಡಿಸುತ್ತದೆ.

ಅವಸರ ಮಾಡಿದರೆ ಇನ್ನೊಂದು ತಪ್ಪು. ಎರೆಯ ಜೇಡಿ ಉಬ್ಬಿ ರಂಧ್ರ ಮುಚ್ಚುವುದರಿಂದ ನೀರು ಮೇಲೇ ನಿಲ್ಲುತ್ತದೆ. ಅರ್ಧ ಗಂಟೆಗೆ ಅಳೆದರೆ ಅದೂ ಹಿಡಿದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಡಿ. ಹನಿ ನಿಂತ ಮೇಲೆ ಕೆಳಗಿಳಿದದ್ದನ್ನು ಅಳೆದು 200ರಿಂದ ಕಳೆಯಿರಿ. ಪ್ರತಿ ಮಣ್ಣಿಗೆ ಮೂರು ಬಾಟಲಿ, ನಂತರ ಸರಾಸರಿ. ಒಂದು ಬಾಟಲಿ ತೀರಾ ಬೇರೆ ಬಂದರೆ ನೀರು ಅಂಚಿನಿಂದ ಜಾರಿರಬಹುದು. ಅಂಕಿ ಅಳಿಸಬೇಡಿ, ಪಕ್ಕಕ್ಕೆ ಷರಾ ಬರೆದು ಮತ್ತೆ ಮಾಡಿ.

ಫಲಕದಲ್ಲಿ ಪ್ರಶ್ನೆ, ವಿಧಾನ, ಕೋಷ್ಟಕ, ಸ್ತಂಭಾಲೇಖ ಸಾಕು. ಥರ್ಮಾಕೋಲ್ ಹೂವಿಗೆ ಯಾರೂ ಅಂಕ ಕೊಡುವುದಿಲ್ಲ. ಅಂಕಿ ಬರೆದ ವಹಿ ಮೇಜಿನ ಮೇಲಿರಲಿ, ಶಾಯಿ ಚೆಲ್ಲಿದ್ದರೂ ಸರಿ. ಎರಡು ನಿಮಿಷದಲ್ಲಿ, ಬಾಯಿಪಾಠ ಮಾಡದೆ, ಮನೆಮಾತಿನಲ್ಲೇ ಹೇಳಲಿ. ಏನು ಬದಲಿಸಿದಿ, ಏನು ಹಾಗೇ ಇಟ್ಟಿ ಎಂದು ನಿರ್ಣಾಯಕರು ಕೇಳುವುದುಂಟು. ಹಿಡಿದ ನೀರೆಲ್ಲ ಬೆಳೆಗೆ ಸಿಗುತ್ತದೆಯೇ ಎಂದೂ ಕೇಳಿಯಾರು. ಇಲ್ಲ, ಒಂದಿಷ್ಟನ್ನು ಜೇಡಿ ಬೇರಿಗೂ ಬಿಡದಷ್ಟು ಬಿಗಿಯಾಗಿ ಹಿಡಿದಿರುತ್ತದೆ.