ಮನೆಯಲ್ಲೇ ಕೆಲಸ, ಮನೆಗೂ ಸಮಯ: ಫ್ರೀಲಾನ್ಸ್ ಮಾಡುವವರು ದಿನ ಹೊಂದಿಸಿಕೊಳ್ಳುವುದು ಹೇಗೆ?

"ಮೇಡಂ, ಐದೇ ನಿಮಿಷದ ಕೆಲಸ." ಫ್ರೀಲಾನ್ಸ್ ಆಗಿ, ಅಂದರೆ ನೌಕರಿ ಇಲ್ಲದೇ ಸ್ವಂತವಾಗಿ ಕೆಲಸ ಹಿಡಿದು, ಮನೆಯಿಂದಲೇ ಬರವಣಿಗೆ, ವೆಬ್‌ಸೈಟ್ ಡಿಸೈನ್ ಮಾಡುವವರಿಗೆಲ್ಲ ಕ್ಲೈಂಟ್‌ನ ಈ ಮಾತು ಗೊತ್ತು. ಸಾಮಾನ್ಯವಾಗಿ ಇದು ಬರುವುದು ರಾತ್ರಿ ಒಂಬತ್ತೂವರೆಗೆ. ಹೋಂಸ್ಟೇ ಸೈಟಿನಲ್ಲಿ ಒಂದು ಫೋಟೊ ಬದಲಾಗಬೇಕು, ರೂಮಿನ ಬಾಡಿಗೆ ತಿದ್ದಬೇಕು, ಅಷ್ಟೇ. ಊಟದ ತಟ್ಟೆ ಮುಂದಿರುತ್ತೆ, ಮಗಳು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತಿರುತ್ತಾಳೆ, ನಾವು "ಒಂದ್ನಿಮಿಷ ಇರು ಪುಟ್ಟಿ" ಅಂತ ಎದ್ದು ಹೋಗಿ ಲ್ಯಾಪ್‌ಟಾಪ್ ತೆಗೆಯುತ್ತೇವೆ. ಫೋಟೊ ಅಳತೆ ಸರಿ ಇರಲ್ಲ, ಇನ್ನೊಂದು ಕಳಿಸಿ ಅನ್ನಬೇಕು, ಅದು ಬರುವವರೆಗೆ ಕಾಯಬೇಕು. ವಾಪಸ್ ಬರುವಷ್ಟರಲ್ಲಿ ಸಾರು ಆರಿರುತ್ತೆ, ಮಗಳು ನಿದ್ದೆ ಹೋಗಿರುತ್ತಾಳೆ.

ನಾನು ಮೈಸೂರಿನಲ್ಲಿ ಒಂಬತ್ತು ವರ್ಷದಿಂದ ಈ ಎರಡೂ ಕೆಲಸ ಮಾಡುತ್ತಿದ್ದೇನೆ. ಮನೆಯ ಸಮಯವನ್ನು ಜಾಸ್ತಿ ತಿನ್ನುವುದು ದೊಡ್ಡ ಪ್ರಾಜೆಕ್ಟ್‌ಗಳಲ್ಲ, ಹೀಗೆ ಬರುವ ಐದೈದು ನಿಮಿಷಗಳೇ. ದೊಡ್ಡ ಕೆಲಸಕ್ಕೆ ಹೇಗೋ ಜಾಗ ಮಾಡಿಕೊಳ್ಳುತ್ತೇವೆ. ಈ ಚಿಲ್ಲರೆ ಕೆಲಸಗಳು ಮಾತ್ರ ಕೇಳದೇ ಒಳಗೆ ಬರುತ್ತವೆ. ಅವನ್ನು ಹಿಡಿದು ಒಂದು ಜಾಗದಲ್ಲಿ ಕೂರಿಸುವುದು ಹೇಗೆ ಅಂತ, ನಾನು ಮಾಡಿ ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಒಂದು ವಾರ ಬರೆದಿಡಿ

ಯಾವ ಆ್ಯಪ್ ಕೂಡ ಬೇಡ. ಮಕ್ಕಳ ಹಳೇ ನೋಟ್‌ಬುಕ್ ಸಾಕು. ಸೋಮವಾರದಿಂದ ಭಾನುವಾರದವರೆಗೆ, ಕೆಲಸಕ್ಕೆ ಕೂತಾಗ ಒಂದು ಸಮಯ, ಎದ್ದಾಗ ಒಂದು ಸಮಯ, ಏನು ಮಾಡಿದಿರಿ ಅನ್ನುವುದು ಒಂದು ಸಾಲು. ಫೋನಿನಲ್ಲಿ ಉತ್ತರ ಕೊಟ್ಟದ್ದನ್ನೂ ಬರೆಯಿರಿ. ಇದನ್ನು ಬಿಡಬೇಡಿ, ಮುಖ್ಯವಾದದ್ದೇ ಇದು.

ನಾನು ಮೊದಲ ಸಲ ಬರೆದಾಗ ದಿನಕ್ಕೆ ಹನ್ನೊಂದು ಗಂಟೆ ಕೆಲಸ ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಲೆಕ್ಕ ಹಾಕಿದರೆ ದುಡ್ಡು ಬರುವ ಕೆಲಸ ದಿನಕ್ಕೆ ನಾಲ್ಕು ಗಂಟೆ ಇತ್ತು. ಉಳಿದದ್ದೆಲ್ಲ ವಾಟ್ಸ್‌ಆ್ಯಪ್, ಪೇಮೆಂಟ್ ಕೇಳುವುದು, ಹಳೇ ಕ್ಲೈಂಟ್‌ನ ಪಾಸ್‌ವರ್ಡ್ ಹುಡುಕುವುದು, ಯಾರೋ ಕಳಿಸಿದ ಫೈಲ್ ತೆರೆಯದೇ ಒದ್ದಾಡುವುದು. ಆ ಪುಟ ನೋಡಿ ನನಗೆ ಅಳು ಬಂತು. ಅಷ್ಟೂ ಹೊತ್ತು ಮಗಳಿಗೆ "ಅಮ್ಮ ಕೆಲಸದಲ್ಲಿದ್ದಾಳೆ" ಅಂತ ಹೇಳಿ ಕಳಿಸಿದ್ದೆ.

ನಿಮ್ಮ ಒಂದು ಗಂಟೆಯ ಬೆಲೆ ಕಂಡುಕೊಳ್ಳಿ

ದಿನಕ್ಕೆ ನಾಲ್ಕು ಗಂಟೆ ಕಡಿಮೆ ಅನ್ನಿಸಬಹುದು. ಅದು ಕಡಿಮೆ ಅಲ್ಲ. ಒಬ್ಬರೇ ಎಲ್ಲ ನೋಡಿಕೊಳ್ಳುವಾಗ ಅದಕ್ಕಿಂತ ಜಾಸ್ತಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಮುಂದೆ ರಾತ್ರಿ ಕೂರಬೇಕಾಗುತ್ತೆ.

ಲೆಕ್ಕ ಹೀಗೆ ಮಾಡಿ. ಮನೆ ಖರ್ಚಿಗೆ ನಿಮ್ಮ ಪಾಲು ತಿಂಗಳಿಗೆ 35,000 ಅಂದುಕೊಳ್ಳೋಣ, ವರ್ಷಕ್ಕೆ 4,20,000. ಇಂಟರ್‌ನೆಟ್, ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ), ಸಾಫ್ಟ್‌ವೇರ್, ಮುಂದೆ ಬೇಕಾಗುವ ಹೊಸ ಲ್ಯಾಪ್‌ಟಾಪಿಗೆ ಎತ್ತಿಡುವ ದುಡ್ಡು ಸೇರಿ 60,000. ಆರೋಗ್ಯ ವಿಮೆ, ಉಳಿತಾಯಕ್ಕೆ ಇನ್ನೊಂದು 60,000. ಒಟ್ಟು 5,40,000. ಈಗ ವರ್ಷದ 52 ವಾರದಲ್ಲಿ ಹಬ್ಬ, ಜ್ವರ, ಮದುವೆ, ಮಕ್ಕಳ ರಜೆಗೆ ಆರು ವಾರ ಕಳೆಯಿರಿ. ಉಳಿದ 46 ವಾರ, ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ ಅಂದರೆ 920 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 590 ರೂಪಾಯಿ. 600 ಅಂತ ಇಟ್ಟುಕೊಳ್ಳಿ.

ಈ ಸಂಖ್ಯೆ ಕೈಯಲ್ಲಿದ್ದರೆ ಎಷ್ಟೋ ಗೊಂದಲ ತಾನಾಗೇ ಹೋಗುತ್ತೆ. ಎಂಟು ಪುಟದ ಸೈಟಿಗೆ 45 ಗಂಟೆ ಬೇಕು ಅಂದರೆ 27,000. ಅದನ್ನು 12,000ಕ್ಕೆ ಒಪ್ಪಿಕೊಂಡಿರಾ? ಉಳಿದ 15,000 ರೂಪಾಯಿ ಮನೆಯವರ ಭಾನುವಾರಗಳಿಂದ ಬರುತ್ತೆ. ಪುರವಣಿಗೆ ಬರೆಯುವ ಲೇಖನದ ಸಂಭಾವನೆ ಈ ಲೆಕ್ಕಕ್ಕೆ ಬಹಳ ಸಲ ಬರಲ್ಲ. ಆದರೂ ನಾನು ಬರೆಯುತ್ತೇನೆ, ಇಷ್ಟ ಅಂತ. ತಿಂಗಳಿಗೆ ಎರಡು ಮಾತ್ರ.

ಬರವಣಿಗೆ ಬೆಳಿಗ್ಗೆ, ತಿದ್ದುಪಡಿ ಮಧ್ಯಾಹ್ನ

ಈ ಎರಡೂ ಕೆಲಸ ಒಂದೇ ಮೇಜಿನ ಮೇಲೆ ನಡೆದರೂ ಒಂದೇ ಥರದವಲ್ಲ. ಬರೆಯುವಾಗ ನಡುವೆ ಯಾರಾದರೂ ಕರೆದರೆ ದಾರಿ ತಪ್ಪುತ್ತೆ, ಮತ್ತೆ ಆ ವಾಕ್ಯಕ್ಕೆ ಬರಲು ಅರ್ಧ ಗಂಟೆ ಬೇಕು. ಡಿಸೈನ್‌ನಲ್ಲಿ ಮೊದಲ ರೂಪ ಮಾಡುವಾಗ ಹೀಗೇ ಆಗುತ್ತೆ. ಅದೇ ಬಣ್ಣ ಬದಲಿಸುವುದು, ಬ್ಯಾಕಪ್ ತೆಗೆಯುವುದು, ಪ್ಲಗಿನ್ (ಸೈಟಿಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವುದು, ಇವನ್ನೆಲ್ಲ ಕುಕ್ಕರ್ ಮೂರು ಸಲ ಕೂಗುವುದರೊಳಗೂ ಮಾಡಬಹುದು.

ಹಾಗಾಗಿ ಮನೆ ಯಾವಾಗ ಸುಮ್ಮನಿರುತ್ತೋ ಆ ಹೊತ್ತನ್ನು ಬರವಣಿಗೆಗೆ ಕೊಡಿ. ನನಗೆ ಅದು ಬೆಳಿಗ್ಗೆ ಐದೂವರೆಯಿಂದ ಏಳು, ಆಮೇಲೆ ಮಗಳು ಶಾಲೆಗೆ ಹೋದ ಮೇಲೆ ಹನ್ನೊಂದೂವರೆವರೆಗೆ. ಮಧ್ಯಾಹ್ನ ಎರಡರಿಂದ ಮೂರೂವರೆ ಚಿಲ್ಲರೆ ಕೆಲಸ. ರಾತ್ರಿ ಬಂದ ಆ "ಐದೇ ನಿಮಿಷ" ಈಗ ಮಾರನೇ ದಿನ ಎರಡು ಗಂಟೆಗೆ ಹೋಗುತ್ತೆ. ಇಷ್ಟು ವರ್ಷದಲ್ಲಿ ಒಬ್ಬ ಕ್ಲೈಂಟ್ ಕೂಡ ಇದಕ್ಕಾಗಿ ಬಿಟ್ಟು ಹೋಗಿಲ್ಲ.

ಹೊರದೇಶದ ಕ್ಲೈಂಟ್ ಇದ್ದರೆ ಒಂದು ಮಾತು. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ ಹತ್ತು ಅಂದರೆ ಅವರ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ಅದೇ ಮೀಟಿಂಗ್ ಎಂಟೂವರೆಗೆ ಬರುತ್ತೆ, ಸರಿಯಾಗಿ ಮಗು ಮಲಗಿಸುವ ಹೊತ್ತಿಗೆ. ಅಕ್ಟೋಬರ್‌ನಲ್ಲೇ ಮಾತಾಡಿ ಸಮಯ ಬದಲಿಸಿಕೊಳ್ಳಿ.

ಕೆಲಸ ಒಪ್ಪಿಕೊಳ್ಳುವ ಮೊದಲೇ ಕಾಗದದಲ್ಲಿ

ಎಲ್ಲಕ್ಕಿಂತ ಜಾಸ್ತಿ ಸಮಯ ಉಳಿಸಿದ್ದು ಇದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಶುರು ಮಾಡುವ ಮೊದಲು ಒಂದು ಪುಟದ ಒಪ್ಪಂದ ಕಳಿಸಿ. ವಕೀಲರ ಭಾಷೆ ಬೇಡ, ಕನ್ನಡದಲ್ಲೇ ಇರಲಿ. ಎಷ್ಟು ಪುಟ, ಎಷ್ಟು ದಿನ, ಎಷ್ಟು ಸಲ ತಿದ್ದುಪಡಿ. ನಾನು ಎರಡು ಸಲ ಉಚಿತವಾಗಿ ತಿದ್ದುತ್ತೇನೆ, ಮೂರನೆಯದಕ್ಕೆ ಗಂಟೆಯ ಲೆಕ್ಕ. ದುಡ್ಡು ಮೂರು ಕಂತು: ಮುಂಗಡ ನೂರಕ್ಕೆ ನಲವತ್ತು, ಡಿಸೈನ್ ಒಪ್ಪಿದ ಮೇಲೆ ನಲವತ್ತು, ಉಳಿದ ಇಪ್ಪತ್ತು ಸೈಟ್ ಲೈವ್ ಆಗುವ, ಅಂದರೆ ಎಲ್ಲರಿಗೂ ಕಾಣುವಂತೆ ತೆರೆಯುವ ಮೊದಲು. ಕೊನೆಯ ಕಂತನ್ನು ಲೈವ್ ಆದ ಮೇಲೆ ಕೇಳುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಫೋನ್ ಮಾಡಿದ್ದೇನೆ.

ಕನ್ನಡ ಸೈಟ್ ಮಾಡುವವರು ಇನ್ನೊಂದು ಸಾಲು ಸೇರಿಸಲೇಬೇಕು: ಸೈಟಿಗೆ ಕೊಡುವ ಪಠ್ಯವೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ ವ್ಯವಸ್ಥೆಯಲ್ಲಿರಬೇಕು. ಇಲ್ಲದಿದ್ದರೆ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಅಕ್ಷರದಲ್ಲಿ ಟೈಪ್ ಮಾಡಿಸಿದ ನಲವತ್ತು ಪುಟದ ಫೈಲ್ ಬಂದು ಕೂರುತ್ತೆ. ಅದನ್ನು ಹಾಗೇ ಸೈಟಿಗೆ ಹಾಕಿದರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣುತ್ತೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿ ಹೋಗುತ್ತೆ, ಆದರೆ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪುತ್ತೆ, ಒತ್ತಕ್ಷರ ಕಳಚಿಕೊಳ್ಳುತ್ತೆ. ಒಂದು ಟ್ರಸ್ಟಿನ ಸೈಟಿಗೆ ನಾನು ಹೀಗೆ ಮೂರು ರಾತ್ರಿ ಕೂತು ಒಂದೊಂದೇ ಸಾಲು ನೋಡಿದೆ. ಈಗ ಪರಿವರ್ತನೆ, ಕರಡು ತಿದ್ದುವುದು ಎರಡಕ್ಕೂ ಪುಟಕ್ಕೆ ಇಷ್ಟು ಅಂತ ದರ ಬರೆದಿರುತ್ತೇನೆ. ಬರೆದ ಮೇಲೆ ಬಹಳ ಜನ ತಾವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಕಳಿಸುತ್ತಾರೆ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತಲೂ ಬರೆಯಿರಿ. ಸುಮ್ನೆ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತೆ, ಮತ್ತೆ ಕೇಳಬೇಕಾಗುತ್ತೆ.

ಡೊಮೇನ್, ಅಂದರೆ ಸೈಟಿನ ವಿಳಾಸವನ್ನು, ಕ್ಲೈಂಟ್‌ನ ಹೆಸರಲ್ಲೇ, ಅವರ ಇಮೇಲ್, ಅವರ ಕಾರ್ಡಿನಿಂದಲೇ ಕೊಳ್ಳಿಸಿ. ಸಹಾಯ ಆಗಲಿ ಅಂತ ನಾನು ಒಬ್ಬರ ಡೊಮೇನನ್ನು ನನ್ನ ಖಾತೆಯಲ್ಲೇ ಇಟ್ಟುಕೊಂಡಿದ್ದೆ. ನವೀಕರಣದ ಇಮೇಲ್ ನಾನು ನೋಡದ ಹಳೇ ಐಡಿಗೆ ಹೋಗಿತ್ತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಸೈಟ್ ನಿಂತು ಹೋಗಿದೆ ಅಂತ ಫೋನ್ ಬಂತು. ಛತ್ರದ ಅಡುಗೆಮನೆ ಹಿಂದೆ ನಿಂತು ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈಯಲ್ಲಿ ಒಟಿಪಿ ಹಾಕುತ್ತಿದ್ದೆ. ಧಾರೆ ನೋಡಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು.

ಇನ್ನೊಂದು ಸಣ್ಣ ನಿಯಮ: ಶುಕ್ರವಾರ ಯಾವ ಸೈಟನ್ನೂ ಲೈವ್ ಮಾಡಬೇಡಿ. ತೊಂದರೆ ಏನಿದ್ದರೂ ಮೊದಲ ಎರಡು ದಿನದಲ್ಲಿ ಕಾಣುತ್ತೆ, ಆ ಎರಡು ದಿನ ಶನಿವಾರ, ಭಾನುವಾರ ಆಗಬಾರದು.

ಫೋನ್

ಕೆಲಸಕ್ಕೆ ಬೇರೆ ನಂಬರ್ ತೆಗೆದುಕೊಂಡು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಕೆಲಸದ ಸಮಯ ತೋರಿಸುವುದು, ಆ ಸಮಯ ಮೀರಿದ ಮೇಲೆ ತಾನಾಗೇ ಉತ್ತರ ಕಳಿಸುವುದು ಎರಡೂ ಅದರಲ್ಲಿದೆ. ನನ್ನದು ಹೀಗಿದೆ: "ನಮಸ್ಕಾರ, ನಿಮ್ಮ ಮೆಸೇಜ್ ಬಂದಿದೆ. ನಾಳೆ ಮಧ್ಯಾಹ್ನ ಎರಡರ ಮೇಲೆ ನೋಡಿ ಉತ್ತರಿಸುತ್ತೇನೆ. ಸೈಟ್ ಪೂರ್ತಿ ನಿಂತಿದ್ದರೆ ಮಾತ್ರ ಕರೆ ಮಾಡಿ." ಕೊನೆಯ ಸಾಲು ಇರಲೇಬೇಕು. ಬುಕಿಂಗ್ ನಿಂತರೆ ಅವರ ಹೊಟ್ಟೆಪಾಡಿಗೆ ಪೆಟ್ಟು, ಅದನ್ನು ನಾವು ನಾಳೆಗೆ ತಳ್ಳಬಾರದು. ಅಂಥ ಕರೆ ವರ್ಷಕ್ಕೆ ಮೂರೋ ನಾಲ್ಕೋ ಬರುತ್ತೆ.

ಮನೆಯವರ ಜೊತೆ ಮಾತು

ಕ್ಲೈಂಟ್‌ಗೆ ಹೇಳುವುದು ಸುಲಭ. "ಮನೇಲೇ ಇರ್ತೀಯಲ್ಲ" ಅನ್ನುವವರಿಗೆ ಹೇಳುವುದು ಕಷ್ಟ. ಗ್ಯಾಸ್ ಸಿಲಿಂಡರ್ ಬಂದರೆ ನಾವು, ಕೊರಿಯರ್ ಬಂದರೆ ನಾವು, ಪಕ್ಕದ ಮನೆಯವರ ಬೀಗದ ಕೈಯೂ ನಮ್ಮಲ್ಲೇ. ಹೆಂಗಸರಿಗೆ ಇದು ಇನ್ನೂ ಜಾಸ್ತಿ. ಗಂಡಸರು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಆಫೀಸು, ನಾವು ತೆರೆದರೆ ಟೈಂಪಾಸ್ ಅನ್ನುವ ಮನೆಗಳು ಇನ್ನೂ ಇವೆ. ಇದು ನ್ಯಾಯ ಅಲ್ಲ, ಬಾಯಿ ಬಿಟ್ಟು ಹೇಳಲೇಬೇಕು.

ಹೇಳುವುದಕ್ಕೂ ಒಂದು ರೀತಿ ಇದೆ. ಸಿಟ್ಟು ಬಂದಾಗ ಹೇಳಬೇಡಿ. ಭಾನುವಾರ ಕಾಫಿ ಹೊತ್ತಿಗೆ ಎಲ್ಲರೂ ಕೂತಿರುವಾಗ ಆ ನೋಟ್‌ಬುಕ್ ತಂದು ತೋರಿಸಿ. ನಮ್ಮ ಅತ್ತೆ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಅಲ್ಲಮ್ಮ, ಇಷ್ಟು ಹೊತ್ತು ಕೂತ್ಕೊಂಡು ಮಾಡೋದು ಅಂತ ಒಂದಿನಾನೂ ಹೇಳ್ಲೇ ಇಲ್ವಲ್ಲ" ಅಂದರು. ಅವತ್ತಿನಿಂದ ಬೆಳಿಗ್ಗೆ ಬಾಗಿಲಿಗೆ ಬಂದವರನ್ನು ಅವರೇ ನೋಡಿಕೊಳ್ಳುತ್ತಾರೆ. ಬದಲಿಗೆ ಸಂಜೆ ನಾಲ್ಕರಿಂದ ಏಳು ನಾನು ಪೂರ್ತಿ ಮನೆಯವಳು. ಮಗಳ ಜೊತೆ ಕುಕ್ಕರಹಳ್ಳಿ ಕೆರೆ ಕಡೆ ಹೋಗುತ್ತೇನೆ, ಫೋನ್ ಮನೆಯಲ್ಲೇ ಇರುತ್ತೆ. ಕೊಟ್ಟ ಮಾತು ಎರಡೂ ಕಡೆ ಉಳಿಯಬೇಕು. ನೀವು ನಾಲ್ಕು ಗಂಟೆಗೆ ಏಳದಿದ್ದರೆ ಬೆಳಿಗ್ಗೆಯ ನಿಶ್ಶಬ್ದವನ್ನು ಅವರಿಂದ ಕೇಳುವುದು ಹೇಗೆ, ಅಲ್ವಾ?

ದುಡ್ಡಿನ ಭಯ ಕಡಿಮೆ ಮಾಡಿಕೊಳ್ಳಿ

ಮುಂದಿನ ತಿಂಗಳು ಕೆಲಸ ಬರುತ್ತೋ ಇಲ್ಲವೋ ಅನ್ನುವ ಭಯಕ್ಕೇ ನಾವು ಸಿಕ್ಕಿದ್ದನ್ನೆಲ್ಲ ಒಪ್ಪಿಕೊಳ್ಳುವುದು. ಮೂರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ ಇರಲಿ, ನಿಧಾನವಾಗಿ ಸೇರಿಸಿದರೂ ಪರವಾಗಿಲ್ಲ. ನಮಗೆ ಪಿಎಫ್ ಇಲ್ಲ, ಹಾಗಾಗಿ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್ ತೆರೆಯಿರಿ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ನಡೆಯುತ್ತೆ. ಆರೋಗ್ಯ ವಿಮೆ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಕಂಪನಿಗಳು ಸಂಭಾವನೆಯಲ್ಲಿ ಟಿಡಿಎಸ್ (ಮೊದಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದಿದ್ದರೆ, ನೀವು ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ, ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಅದು ವಾಪಸ್ ಬರುತ್ತೆ. ರಿಟರ್ನ್ ಹಾಕದೇ ಆ ದುಡ್ಡು ಬಿಟ್ಟವರನ್ನು ನಾನು ನೋಡಿದ್ದೇನೆ.

ರಜೆ ಮೊದಲೇ ಬರೆದುಬಿಡಿ

ದೀಪಾವಳಿಗೆ ಎರಡು ವಾರ ಇರುವಾಗ ಟೈಲರ್ ಅಂಗಡಿಗೆ ಬಟ್ಟೆ ತೆಗೆದುಕೊಂಡು ಹೋಗಿ ನೋಡಿ. "ಹಬ್ಬಕ್ಕೆ ಆಗಲ್ಲ, ಹಬ್ಬ ಆದ್ಮೇಲೆ ಕೊಡ್ತೀನಿ" ಅಂತ ನೇರವಾಗಿ ಹೇಳುತ್ತಾರೆ. ನಾವು ಬೇಜಾರು ಮಾಡಿಕೊಳ್ಳಲ್ಲ, ಮುಂದಿನ ವರ್ಷ ಬೇಗ ಹೋಗುತ್ತೇವೆ. ನಾನು ಇದನ್ನೇ ಮಾಡಿದೆ.

ಮೈಸೂರಿನಲ್ಲಿ ದಸರಾ ಅಂದರೆ ಎರಡೂ ಕಡೆ ಒತ್ತಡ. ಹೋಂಸ್ಟೇ, ಸೀರೆ ಅಂಗಡಿಯವರಿಗೆಲ್ಲ ಸೈಟ್ ಹೊಸದಾಗಬೇಕು, ಪುರವಣಿಗೆ ದಸರಾ ಲೇಖನ ಬೇಕು, ಅದೇ ಹೊತ್ತಿಗೆ ಮನೆ ತುಂಬ ಜಂಬೂಸವಾರಿ ನೋಡಲು ಬಂದ ನೆಂಟರು. ಹಾಗಾಗಿ ಆಗಸ್ಟ್ 1ನೇ ತಾರೀಖು ಎಲ್ಲ ಕ್ಲೈಂಟ್‌ಗೂ ಒಂದೇ ಮೆಸೇಜ್ ಕಳಿಸುತ್ತೇನೆ: ದಸರಾ ಕೆಲಸವನ್ನು ಆಗಸ್ಟ್ ಕೊನೆಯೊಳಗೆ ತಿಳಿಸಿ, ಹಬ್ಬಕ್ಕೆ ಹತ್ತು ದಿನ ಮೊದಲು ಮುಗಿಸಿ ಕೊಡುತ್ತೇನೆ, ಆಯುಧಪೂಜೆಯಿಂದ ನಾಲ್ಕು ದಿನ ರಜೆ. ಯುಗಾದಿಗೂ, ಏಪ್ರಿಲ್ ರಜೆಗೂ ಇದೇ ಕ್ರಮ. ನಿಮ್ಮ ಕ್ಯಾಲೆಂಡರಿನಲ್ಲಿ ಈ ವರ್ಷದ ರಜೆಗಳನ್ನು ಇವತ್ತೇ ಗುರುತು ಮಾಡಿ, ಮಕ್ಕಳ ಕೈಯಲ್ಲೇ ಮಾಡಿಸಿ.

ಆಯುಧಪೂಜೆ ದಿನ ನಮ್ಮ ಮನೆಯಲ್ಲಿ ಸ್ಕೂಟರ್, ಹೊಲಿಗೆ ಯಂತ್ರ, ಅತ್ತೆಯ ಈಳಿಗೆಮಣೆ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪನ್ನೂ ಇಡುತ್ತೇವೆ. ಮಗಳು ಮುಚ್ಚಳದ ಮೇಲೆ ಅರಿಶಿನ, ಕುಂಕುಮ ಇಟ್ಟು ಒಂದು ಸೇವಂತಿಗೆ ಹೂ ಇಡುತ್ತಾಳೆ. ಪೂಜೆ ಆದ ಆಯುಧವನ್ನು ಅವತ್ತು ಮುಟ್ಟಬಾರದು ಅಂತ ಅಜ್ಜಿಯಿಂದ ಕಲಿತಿದ್ದಾಳೆ. ಹೋದ ವರ್ಷ ಮಧ್ಯಾಹ್ನ ಕೆಲಸದ ಫೋನ್ ಒಂದು ಸಲ ಗುನುಗಿತು. ಅವಳು ಓಡಿ ಹೋಗಿ ಅದನ್ನೂ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಅದಕ್ಕೂ ಕುಂಕುಮ ಹಚ್ಚಿದಳು.