ಒದ್ದೆ ಕಾರ್ಪೆಟ್‌ನಿಂದ ಶುರುವಾದ ಮಸ್ಟಾಂಗ್ ರಿಪೇರಿ

ಕಾರು ನೋಡಲು ಹೋದ ದಿನ ನಾನು ಮೊದಲು ಬಾನೆಟ್ ಎತ್ತಿಸಿದೆ. ತಪ್ಪಾಗಿದ್ದೇ ಅಲ್ಲಿ. ಮೊದಲು ಎತ್ತಿ ನೋಡಬೇಕಿದ್ದದ್ದು ಡ್ರೈವರ್ ಕಾಲಿಡುವ ಜಾಗದ ಕಾರ್ಪೆಟ್.

2018ರ ನವೆಂಬರ್. ನಮ್ಮ ಮನೆ ಅಮೆರಿಕದ ಮಿಶಿಗನ್ನಿನ ನೋವೈ ಊರಿನಲ್ಲಿ. ಅಲ್ಲಿಂದ ಒಂದು ಗಂಟೆ ದೂರದ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ 1966ರ ಫೋರ್ಡ್ ಮಸ್ಟಾಂಗ್ ನಿಂತಿತ್ತು. ಟಾಪ್ ಮೇಲೆ ಇಲಿ ಹಿಕ್ಕೆ, ಒಳಗೆ ಮುಗ್ಗಲು ವಾಸನೆ. ಎಂಜಿನ್ ಪಕ್ಕದ ತಗಡಿನ ಮೇಲೆ ಒತ್ತಿದ ನಂಬರನ್ನು ಬಟ್ಟೆಯಿಂದ ಉಜ್ಜಿ ಓದಿದೆ. 6ಎಫ್07ಸಿ ಅಂತ ಶುರು. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. 07 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬುರೇಟರ್, ಕಂಪನಿ ಲೆಕ್ಕದಲ್ಲಿ 200 ಹಾರ್ಸ್‌ಪವರ್. ಆ ಸಿ ನೋಡಿದ ಮೇಲೆ ಕಾರ್ಪೆಟ್ ಯಾರಿಗೆ ನೆನಪಾಗುತ್ತೆ? 6,500 ಡಾಲರ್ ಕೊಟ್ಟು ಟ್ರೇಲರ್ ಮೇಲೆ ಏರಿಸಿಕೊಂಡು ಬಂದೆ.

ನಾನು ಇದನ್ನು ಮಸಲ್ ಕಾರ್ ಅಂದರೆ, ಅಂದರೆ ದೊಡ್ಡ ಎಂಜಿನ್ ತುರುಕಿದ ಜೋರು ಕಾರ್ ಅಂದರೆ, ಅಲ್ಲವೇ ಅಲ್ಲ, ಮಸ್ಟಾಂಗ್ ಚಿಕ್ಕ ಸ್ಪೋರ್ಟಿ ಪೋನಿ ಕಾರ್ ಅಂತ ಜಗಳಕ್ಕೆ ಬರುವವರಿದ್ದಾರೆ. 1964ರ ಪಾಂಟಿಯಾಕ್ ಜಿಟಿಒ ಪಕ್ಕದಲ್ಲಿ ನಿಲ್ಲಿಸಿದರೆ ಅವರ ಮಾತು ಸರಿ ಅನ್ನಿಸುತ್ತೆ. ಇರಲಿ ಬಿಡಿ. ವಿ8 ಸದ್ದು ಕಿವಿಗೆ ಬಿದ್ದರೆ ನನಗೆ ವಾದ ಮಾಡುವ ಮನಸ್ಸಿರುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯಲ್ಲಿ ಸೋದರಮಾವನ ಲಾರಿ ಗ್ಯಾರೇಜಿನಲ್ಲಿ ರಜೆಯಲ್ಲಿ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದೆ, ಅಷ್ಟೇ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು ಅಂತ ಮಿಲಿಮೀಟರ್ ಸ್ಪ್ಯಾನರ್ ಕಲಿತವನಿಗೆ ಇಲ್ಲಿ ಎಲ್ಲ ಇಂಚಿನ ಲೆಕ್ಕ. ಮೊದಲ ತಿಂಗಳು ಅದಕ್ಕೇ ಹೋಯ್ತು.

ಕಾರು ಮನೆಗೆ ಬಂದ ವಾರ ಹಿಮ ಬಿತ್ತು. ಗ್ಯಾರೇಜ್ ಬಿಸಿಗೆ ಕಾರಿನ ಮೇಲಿದ್ದ ಹಿಮ ಕರಗಿತು. ಬೆಳಿಗ್ಗೆ ನೋಡಿದರೆ ಎರಡೂ ಕಡೆ ಕಾರ್ಪೆಟ್ ಒದ್ದೆ. ಗಾಜು ಮುಚ್ಚಿದೆ, ಬಾಗಿಲು ಮುಚ್ಚಿದೆ, ನೀರು ಎಲ್ಲಿಂದ ಬಂತು? ಕಾರ್ಪೆಟ್ ಕಿತ್ತು ಹಾಕಿ, ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದೆ. ಕೈಯಲ್ಲಿ ಟಾರ್ಚ್. ಹೆಂಡತಿಗೆ ಹೇಳಿ ವಿಂಡ್‌ಶೀಲ್ಡ್ ಕೆಳಗಿನ ಜಾಲರಿಯ ಮೇಲೆ ಒಂದು ತಂಬಿಗೆ ನೀರು ಹಾಕಿಸಿದೆ. ಮೊದಲು ಒಂದೊಂದೇ ಹನಿ. ಆಮೇಲೆ ದಾರದ ಹಾಗೆ ಸೀದಾ ನನ್ನ ಕೆನ್ನೆ ಮೇಲೆ. ಬಣ್ಣ ಕಾಫಿ ಡಿಕಾಕ್ಷನ್ ಥರ.

ಈ ಜಾಗಕ್ಕೆ ಕೌಲ್ ಅಂತಾರೆ. ಹಳೇ ಮಸ್ಟಾಂಗ್ ಮಾಡಿಸುವವರಿಗೆಲ್ಲ ಇದು ಗೊತ್ತಿರುವ ಕಾಟ. ವಿಂಡ್‌ಶೀಲ್ಡ್ ಮುಂದೆ ಎರಡು ತಗಡುಗಳ ನಡುವೆ ಒಂದು ಕಾಲುವೆ. ಮೇಲಿನ ತಗಡಿನ ಜಾಲರಿಯಿಂದ ಗಾಳಿ, ಮಳೆ ಎರಡೂ ಒಳಗೆ ಬರುತ್ತವೆ. ನೀರು ಎರಡು ತುದಿಗಳಿಂದ ಹೊರಗೆ ಹೋಗಬೇಕು, ಗಾಳಿ ಕೆಳಗಿನ ತಗಡಿನ ಎರಡು ತೂತುಗಳಿಂದ ಕಾರಿನೊಳಗೆ ಬರಬೇಕು. ನೀರು ಆ ತೂತಿಗೆ ಇಳಿಯದಿರಲಿ ಅಂತ ಸುತ್ತ ಬಾವಿಕಟ್ಟೆ ಹಾಗೆ ತಗಡಿನ ಕಟ್ಟೆ ಇರುತ್ತೆ. ಎಲೆ, ಮಣ್ಣು ಸೇರಿ ಕೊಳೆತು ವರ್ಷಗಟ್ಟಲೆ ತೇವ ನಿಂತರೆ ಕಟ್ಟೆಯೇ ತುಕ್ಕು ತಿಂದು ಹೋಗುತ್ತೆ. ಆಮೇಲೆ ಬಂದ ನೀರೆಲ್ಲ ಒಳಗೇ. ಅದು ಕಾರ್ಪೆಟ್ ಕೆಳಗೆ ನಿಂತು ನೆಲದ ತಗಡನ್ನೂ ತಿನ್ನುತ್ತೆ. ಕೆಳಗಿನಿಂದ ಮಿಶಿಗನ್ ರಸ್ತೆಯ ಚಳಿಗಾಲದ ಉಪ್ಪು ಬೇರೆ.

ಮೇಲಿನಿಂದ ಕೈ ತೂರಿಸಿ, ಪ್ಲಾಸ್ಟಿಕ್ ಕಟ್ಟೆಯೊಂದನ್ನು ಗಮ್ ಹಾಕಿ ಕೂರಿಸುವ ಸುಲಭದ ದಾರಿ ಇದೆ. ನಾನೂ ತರಿಸಿ ಇಟ್ಟುಕೊಂಡಿದ್ದೆ. ಆದರೆ ಬೆರಳಲ್ಲಿ ಒತ್ತಿದರೆ ಸುತ್ತಲಿನ ತಗಡು ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಗಮ್ ಯಾವುದಕ್ಕೆ ಅಂಟಬೇಕು? ಮೇಲಿನ ತಗಡನ್ನು ಪೂರ್ತಿ ಬಿಚ್ಚಲೇಬೇಕಾಯ್ತು.

ಬಿಚ್ಚೋದು ಅಂದರೆ ಬೋಲ್ಟ್ ತೆಗೆಯೋದಲ್ಲ. ಕಾರ್ಖಾನೆಯವರು ಅದನ್ನು ಸ್ಪಾಟ್ ವೆಲ್ಡ್ ಮಾಡಿದ್ದಾರೆ, ನೂರಕ್ಕೂ ಜಾಸ್ತಿ ಕಡೆ. ಬಣ್ಣ ಕೆರೆದರೆ ನಾಲ್ಕಾಣೆಗಿಂತ ಚಿಕ್ಕ ಗುಂಡನೆಯ ಗುರುತುಗಳು ಕಾಣುತ್ತವೆ. ಪ್ರತಿಯೊಂದಕ್ಕೂ ಪಂಚ್ ಹೊಡೆದು, ಸ್ಪಾಟ್ ವೆಲ್ಡ್ ಕಟರ್ ಹಾಕಿ, ಮೇಲಿನ ತಗಡು ಮಾತ್ರ ಕೊರೆಯಬೇಕು. ತಗಡು ದಾಟುವ ಕ್ಷಣದಲ್ಲಿ ಡ್ರಿಲ್ ಸದ್ದು ಒಂಚೂರು ಬದಲಾಗುತ್ತೆ. ಅಲ್ಲಿಗೆ ಕೈ ತೆಗೆಯಬೇಕು. ತಡವಾದರೆ ಕೆಳಗಿನ ತಗಡಿಗೂ ತೂತು. ಮೊದಲ ಹತ್ತರಲ್ಲಿ ಆರು ಕೆಡಿಸಿದೆ. ಐವತ್ತು ದಾಟಿದ ಮೇಲೆ ಕಣ್ಣು ಮುಚ್ಚಿಯೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೂರು ವೀಕೆಂಡ್ ಹಿಡಿಯಿತು. ಒಳಗೆ ಸಿಕ್ಕಿದ್ದು: ಒಂದು ಬಕೆಟ್ ಮೇಪಲ್ ಎಲೆಯ ಗೊಬ್ಬರ, ಒಂದು ಇಲಿ ಗೂಡು.

ವೆಲ್ಡಿಂಗ್ ಕಲಿಯಲು ಕಮ್ಯುನಿಟಿ ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿದೆ. ಅದು ಈ ಕೆಲಸದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ದುಡ್ಡು. ಅದಕ್ಕೆ ಮುಂಚೆ ಗ್ಯಾಸ್ ಇಲ್ಲದ, ಫ್ಲಕ್ಸ್ ವೈರಿನ ಅಗ್ಗದ ಮೆಷಿನ್ ತಂದು ತಗಡಿಗೆ ಬರೀ ತೂತು ಮಾಡಿದ್ದೆ. ತೆಳು ತಗಡಿಗೆ ಗ್ಯಾಸ್ ಜೊತೆ ವೈರನ್ನು ತಾನೇ ತಳ್ಳುವ ಮಿಗ್ ವೆಲ್ಡಿಂಗ್ ಮೆಷಿನ್, 0.023 ಇಂಚಿನ ವೈರ್, ಮುಕ್ಕಾಲು ಪಾಲು ಆರ್ಗಾನ್ ಕಾಲು ಪಾಲು ಕಾರ್ಬನ್ ಡೈ ಆಕ್ಸೈಡ್ ಇರುವ ಗ್ಯಾಸ್ ನನಗೆ ಸರಿಹೋಯ್ತು. ಸೆಟಿಂಗ್ ಸರಿ ಇದ್ದರೆ ಬಾಣಲೆಯಲ್ಲಿ ಬೋಂಡ ಕರಿಯುವ ಸದ್ದು. ವೈರ್ ಕೈಯಲ್ಲಿರುವ ವೆಲ್ಡಿಂಗ್ ಟಾರ್ಚನ್ನೇ ಹಿಂದಕ್ಕೆ ತಳ್ಳುತ್ತಿದ್ದರೆ ವೈರಿನ ಸ್ಪೀಡ್ ಜಾಸ್ತಿ ಅಂತ ಅರ್ಥ. ಉದ್ದಕ್ಕೆ ಎಳೆದುಕೊಂಡು ಹೋಗಬಾರದು, ತಗಡು ಸೊಟ್ಟ ಆಗುತ್ತೆ. ಇಲ್ಲೊಂದು ಚುಕ್ಕಿ, ಒಂದಡಿ ಆಚೆ ಇನ್ನೊಂದು. ಆರಲಿ. ಮತ್ತೆ ನಡುವೆ ಒಂದು.

ವೆಲ್ಡಿಂಗ್ ಶುರು ಮಾಡುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಮನೆ ಹಿಂದೆ ಇಟ್ಟೆ. ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅದು ಗೊತ್ತಾದ ದಿನ ಸ್ವಲ್ಪ ಭಯವೇ ಆಯ್ತು. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ರೋಲ್ ಒಳಗೆ ಬರದಿರಲಿ ಅಂತ ಆಮೇಲೆ ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಒಂದು ಉಕ್ಕಿನ ಶೀಟ್ ಹಾಕಿದೆ.

ನೆಲದ ತಗಡು ಬದಲಿಸುವಾಗ ಇನ್ನೊಂದು ಪಾಠ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ. ನೆಲ ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಬೇಕು. ಎಡಗಡೆ ನಾನು ಮಾಡಲಿಲ್ಲ. ಹೊಸ ತಗಡು ಅಲ್ಲಲ್ಲಿ ಹಿಡಿಸಿ ಬಾಗಿಲು ಹಾಕಿದರೆ ಕೂರುತ್ತಿಲ್ಲ. ಒಂದು ಬೆಂಕಿಕಡ್ಡಿ ದಪ್ಪದಷ್ಟು ಬಾಡಿ ಕುಸಿದಿತ್ತು. ಎಲ್ಲ ಕಿತ್ತು, ಜಾಕಿ ಕೊಟ್ಟು ಎತ್ತಿ, ಮತ್ತೆ ಮೊದಲಿನಿಂದ.

ಆ ಹೊತ್ತಿಗೆ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದರು. ಗ್ಯಾರೇಜಿಗೆ ಬಂದು ಕಾರಿನೊಳಗೆ ಬಗ್ಗಿ ನೋಡಿದರು. ನೆಲವೇ ಇಲ್ಲ, ಕೆಳಗೆ ಸಿಮೆಂಟು ಕಾಣುತ್ತಿದೆ.

"ಇದನ್ನ ದುಡ್ಡು ಕೊಟ್ಟು ತಂದ್ಯೇನೋ?"

"ಹೂಂ ಅಮ್ಮ."

"ಅವ್ರೇ ನಿಂಗೆ ಕೊಡಬೇಕಿತ್ತು."

ಎಂಜಿನ್ ಆಸೆ ಕಾಡುತ್ತಿದ್ದರೂ ಬ್ರೇಕ್ ಮೊದಲು ಮುಗಿಸಿದೆ. ನನ್ನ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಢಮಾರ್. 1967ರ ಮಸ್ಟಾಂಗಿಗೆ ಫೋರ್ಡ್ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಕೊಟ್ಟಿತು. ಮುಂದಕ್ಕೆ ಡಿಸ್ಕ್ ಕಿಟ್ ತರಿಸಿದೆ. ಮಾಸ್ಟರ್ ಸಿಲಿಂಡರ್ ಮಾತ್ರ ದುಡ್ಡು ಉಳಿಸಲು 1967ರ ಡ್ರಮ್ ಕಾರಿನದ್ದೇ ಹಾಕಿದೆ.

ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಹೆಂಡತಿ ಸೀಟಿನಲ್ಲಿ, ನಾನು ಚಕ್ರದ ಪಕ್ಕ ನೆಲದ ಮೇಲೆ.

"ಒತ್ತು... ಹಿಡ್ಕೋ... ಬಿಡಬೇಡ..."

"ಒತ್ತೇ ಇದೀನಿ ರೀ, ಕಾಲು ನೋಯ್ತಿದೆ."

ಎರಡು ಸಂಜೆ ಹೀಗೇ. ಚೆಲ್ಲಿದ ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತೆ, ಹಾಗಾಗಿ ಒದ್ದೆ ಬಟ್ಟೆ ಸದಾ ಕೈಯಲ್ಲಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯ್ತು, ಖುಷಿಯಾಯ್ತು. ಮುಂದೆ ಎಂಜಿನ್ ಕೂರಿಸಿ ಬೀದಿಯ ಕೊನೆವರೆಗೆ ಹೋಗಿ ಬಂದಾಗ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಡಿಸ್ಕ್ ಮುಟ್ಟೋಕಾಗದಷ್ಟು ಬಿಸಿ. ಕಾರಣ ಹುಡುಕಲು ಒಂದು ವಾರ ಬೇಕಾಯ್ತು. ಡ್ರಮ್ ಬ್ರೇಕಿಗೆ ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಯಬೇಕು. ಅದಕ್ಕೆ ಮಾಸ್ಟರ್ ಸಿಲಿಂಡರ್ ಬಾಯಲ್ಲೇ ಒಂದು ಪುಟ್ಟ ರಬ್ಬರ್ ವಾಲ್ವ್ ಇಟ್ಟಿರುತ್ತಾರೆ. ಡಿಸ್ಕಿಗೆ ಅದು ಬೇಡ, ಪ್ಯಾಡ್ ಉಜ್ಜಿಕೊಂಡೇ ಇರುತ್ತೆ. ಮುಂದಿನ ಲೈನಿನ ವಾಲ್ವ್ ಕಿತ್ತು ಹಾಕಿದೆ. ಹಿಂದಿನ ಡ್ರಮ್‌ಗಳು ಬೇಗ ಲಾಕ್ ಆಗದಿರಲಿ ಅಂತ ಅವುಗಳ ಒತ್ತಡ ತಗ್ಗಿಸುವ ವಾಲ್ವ್ ಬೇರೆ ಹಾಕಿದೆ. ಬುದ್ಧಿ ಇದ್ದವರು ಡಿಸ್ಕ್ ಕಿಟ್ ಜೊತೆ ಬರುವ ಸಿಲಿಂಡರನ್ನೇ ತಗೊಳ್ತಾರೆ.

ಎಂಜಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳೋಕೆ ಜಾಸ್ತಿ ಇಲ್ಲ. ಸಿಲಿಂಡರ್ ಕೊರೆಯುವ ಬೋರಿಂಗ್ ಕೆಲಸ ಮೆಷಿನ್ ಶಾಪಿಗೆ ಕೊಟ್ಟೆ, 0.030 ಇಂಚು ಹಿಗ್ಗಿಸಿದರು. ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ, ಅದಕ್ಕೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಹಾಕಿಸಿದೆ. ಜೋಡಣೆ ನಾನೇ ಮಾಡಿದೆ. ಕಾರ್ಬುರೇಟರಿನಿಂದ ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಒಯ್ಯುವ ಭಾರದ ಕಬ್ಬಿಣದ ಇಂಟೇಕ್ ತೆಗೆದು ಅಲ್ಯೂಮಿನಿಯಂ ಇಂಟೇಕ್, ನಾಲ್ಕು ಬ್ಯಾರೆಲ್ ಕಾರ್ಬುರೇಟರ್ ಹಾಕಿದೆ. ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಪಾಯಿಂಟ್ ಜಾಗಕ್ಕೆ ಎಲೆಕ್ಟ್ರಾನಿಕ್ ಮಾಡ್ಯೂಲ್. ಅಲ್ಲೊಂದು ಗುಟ್ಟಿದೆ. ಕೀ ಸ್ವಿಚ್ಚಿನಿಂದ ಕಿಡಿಯ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ವೈರ್ ಬರೀ ವೈರಲ್ಲ, ಅದು ರೆಸಿಸ್ಟರ್. ಪಾಯಿಂಟ್ ಸುಡದಿರಲಿ ಅಂತ ಕರೆಂಟ್ ತಗ್ಗಿಸುತ್ತೆ. ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕು, ಹಾಗಾಗಿ ಅದಕ್ಕೆ ಬೇರೆ ಲೈನ್ ಎಳೆದೆ.

2021ರ ಮಾರ್ಚ್‌ನಲ್ಲಿ ಮೊದಲ ಸಲ ಕೀ ತಿರುಗಿಸಿದಾಗ ಕಾರ್ಬುರೇಟರಿನಿಂದ ಬೆಂಕಿ ಬಂತು. ನನ್ನ ಎಡಗಡೆ ಹುಬ್ಬು ಹೋಯ್ತು. ಸಿಲಿಂಡರ್ ಸಿಲಿಂಡರಿಗೆ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಾಗಿ ಕೂರಿಸಿದ್ದೆ. ಒಂದನೇ ಪಿಸ್ಟನ್ ಮೇಲೆ ಬಂದಿದ್ದನ್ನು ನೋಡಿದ್ದೆ, ಅದು ಎಕ್ಸಾಸ್ಟ್ ಸ್ಟ್ರೋಕೋ ಕಂಪ್ರೆಷನ್ನೋ ನೋಡಿರಲಿಲ್ಲ. ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು ಎಂಜಿನ್ ನಿಧಾನ ತಿರುಗಿಸಿದರೆ, ಕಂಪ್ರೆಷನ್ ಬಂದಾಗ ಗಾಳಿ ಬೆರಳನ್ನು ದೂಡುತ್ತೆ. ಮಾವನ ಗ್ಯಾರೇಜಿನಲ್ಲಿ ನೂರು ಸಲ ನೋಡಿದ್ದೆ. ಸರಿ ಮಾಡಿದ ಮೇಲೆ ಒಂದೇ ಸಲಕ್ಕೆ ಹಿಡಿಯಿತು. ವಾಲ್ವ್ ತೆರೆಯುವ ಹೊಸ ಕ್ಯಾಮ್ ಉಜ್ಜಿ ಸರಿಯಾಗಿ ಕೂರಬೇಕಲ್ಲ, ಜಿಂಕ್ ಇರುವ ಆಯಿಲ್ ಹಾಕಿ 20 ನಿಮಿಷ 2,000 ಆರ್‌ಪಿಎಂ ಕೆಳಗಿಳಿಸದೆ ಓಡಿಸಿದೆ. ಬೀದಿಯವರೆಲ್ಲ ಹೊರಗೆ ಬಂದರು.

ಉಳಿದದ್ದು ಚಿಕ್ಕಪುಟ್ಟದ್ದು. ಸೊಂಟಕ್ಕೆ ಮಾತ್ರ ಇದ್ದ ಬೆಲ್ಟ್ ತೆಗೆದು ಭುಜದ ಬೆಲ್ಟ್ ಹಾಕಿದೆ. ಮುಂದಿನ ಸಸ್ಪೆನ್ಷನ್ನಿನ ಮೇಲಿನ ಆರ್ಮ್‌ಗಳನ್ನು ಒಂದು ಇಂಚು ಕೆಳಗಿಳಿಸಿದೆ, ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಯ್ತು. ಗೇರ್‌ಬಾಕ್ಸ್ ಮತ್ತು ಪೇಂಟ್ ಹೊರಗೆ ಮಾಡಿಸಿದೆ. ಎರಡೂ ನನ್ನ ಕೈಗೆ ಹತ್ತುವಂಥದ್ದಲ್ಲ. ಒಟ್ಟು ಖರ್ಚು 27,000 ಡಾಲರ್ ದಾಟಿತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

2022ರ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂಗೆ, ಅಂದರೆ ಡೆಟ್ರಾಯ್ಟಿನ ದೊಡ್ಡ ರಸ್ತೆಗೆ, ತಗೊಂಡು ಹೋದೆ. ಆ ತಿಂಗಳ ಮೂರನೇ ಶನಿವಾರ ಅಲ್ಲಿ ಹಳೇ ಕಾರುಗಳ ದೊಡ್ಡ ಜಾತ್ರೆ, ಡ್ರೀಮ್ ಕ್ರೂಸ್. ಆ ಜನಸಂದಣಿಯಲ್ಲಿ ಎಂಜಿನ್ ಬಿಸಿ ಮಾಡಿಕೊಳ್ಳುವ ಧೈರ್ಯವಿರಲಿಲ್ಲ, ಅದಕ್ಕೇ ವಾರ ಮುಂಚೆ ಒಂದು ಸಂಜೆ ಹೋದೆ. ವಾಪಸ್ ಬರುವಾಗ ಜೋರು ಮಳೆ. ಪೆಟ್ರೋಲ್ ಬಂಕ್ ಒಂದರ ಸೂರಿನಡಿ ನಿಲ್ಲಿಸಿ, ಡೋರ್ ತೆಗೆದು ಮಂಡಿಯೂರಿ ಕಾರ್ಪೆಟ್ ಕೆಳಗೆ ಕೈ ಹಾಕಿದೆ. ಡ್ರೈವರ್ ಕಡೆ ಒಣಗಿತ್ತು. ಹೆಂಡತಿ ಕೂತಿದ್ದ ಕಡೆಯೂ ಒಣಗಿತ್ತು. ಅವಳ ಮುಖ ನೋಡಿದೆ. ಅವಳು ಮೇಲೆ ಕೈ ತೋರಿಸಿದಳು. ವಿಂಡ್‌ಶೀಲ್ಡ್ ರಬ್ಬರಿನ ಮೂಲೆಯಿಂದ ಒಂದು ಹನಿ ಡ್ಯಾಶ್‌ಬೋರ್ಡ್ ಮೇಲೆ ಬಿತ್ತು. ಆಮೇಲೆ ಇನ್ನೊಂದು.