ವಿಯೆಟ್ನಾಂ–ಉಗಾಂಡ ಲೆಕ್ಕ ನೋಡಿ ಚೆರಿ ಮಾರಿದ್ದು

2024ರ ಏಪ್ರಿಲ್‌ನಲ್ಲಿ ನನ್ನ ರೊಬಸ್ಟಾ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲಕ್ಕೆ ಹತ್ತು ಸಾವಿರ ರೂಪಾಯಿ ಮೇಲೆ ಹೋಯಿತು. ಅದಕ್ಕೆ ಎರಡು ತಿಂಗಳು ಮೊದಲು ಕಣದಿಂದಲೇ ಲಾರಿಗೆ ತುಂಬಿದವರಿಗೆ ಸಿಕ್ಕಿದ್ದು ಏಳೂವರೆ, ಎಂಟು. ಆಗ ನಾನು ವಿಯೆಟ್ನಾಂ, ಉಗಾಂಡದ ರಫ್ತು ಲೆಕ್ಕ ನೋಡಿ ಅರ್ಧ ಮಾಲು ಮಾರದೆ ಇಟ್ಟುಕೊಂಡಿದ್ದಕ್ಕೆ ಪಕ್ಕದ ತೋಟದ ಮಾವ ನಕ್ಕಿದ್ದರು. "ಉಗಾಂಡದ ಲೆಕ್ಕ ಆಮೇಲೆ ನೋಡು ಮಾರಾಯ, ಮೊದಲು ಕೂಲಿಯವರ ಲೆಕ್ಕ ಮುಗಿಸು" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡಿದ್ದನ್ನು ಹೇಳಿಬಿಡುತ್ತೇನೆ. 2022ರಲ್ಲಿ ವಿಯೆಟ್ನಾಂ ಕಾಫಿ ರಫ್ತು ಜೋರಾಗಿತ್ತು, 17 ಲಕ್ಷ ಟನ್ ದಾಟಿತ್ತು. ಅಲ್ಲಿ ಬೆಳೆ ಚೆನ್ನಾಗಿದೆ, ಬೆಲೆ ಬೀಳುತ್ತದೆ ಎಂದುಕೊಂಡು 2023ರ ಫೆಬ್ರವರಿಯಲ್ಲಿ ನೂರಿಪ್ಪತ್ತು ಚೀಲವನ್ನೂ ಐದು ಸಾವಿರದ ಆಸುಪಾಸಿಗೆ ಕೊಟ್ಟೆ. ಬೆಲೆ ಏರುತ್ತಲೇ ಹೋಯಿತು. ಕಡಿಮೆ ಅಂದರೂ ಲಕ್ಷ ರೂಪಾಯಿ ಮೇಲೆ ನನ್ನ ಕೈತಪ್ಪಿತು. ವಿಯೆಟ್ನಾಂನವರು ಹೊಸ ಬೆಳೆಯ ಜೊತೆಗೆ ಗೋದಾಮಿನ ಹಳೇ ದಾಸ್ತಾನನ್ನೂ ಖಾಲಿ ಮಾಡುತ್ತಿದ್ದರು. ಅದು ನನಗೆ ಹೊಳೆಯಲೇ ಇಲ್ಲ. ಇನ್ನೊಂದು ತಪ್ಪು: ಜನವರಿಯಿಂದ ಡಿಸೆಂಬರ್ ಲೆಕ್ಕ ಹಿಡಿದಿದ್ದೆ. ಕಾಫಿ ವರ್ಷ ಶುರುವಾಗುವುದು ಅಕ್ಟೋಬರ್‌ನಲ್ಲಿ. ನಾವು ಕೊಡಗಿನಲ್ಲಿ ಹುತ್ತರಿ ಮಾಡುವ ನವೆಂಬರ್–ಡಿಸೆಂಬರ್ ಹೊತ್ತಿಗೆ ವಿಯೆಟ್ನಾಂನ ಕಾಫಿ ಸೀಮೆ ಡಾಕ್ ಲಾಕ್‌ನಲ್ಲಿ ಕುಯ್ಲು ಭರ್ಜರಿಯಾಗಿ ನಡೆದಿರುತ್ತದೆ.

ಉಗಾಂಡದ ವಿಷಯದಲ್ಲಿ ಇನ್ನೂ ಪೆದ್ದನಾಗಿದ್ದೆ. ಆಗ ಅವರ ರಫ್ತು ವರ್ಷಕ್ಕೆ 60 ಲಕ್ಷ ಚೀಲದ ಆಸುಪಾಸು ಇತ್ತು. ನಮ್ಮ ಚೀಲ 50 ಕೆಜಿ ಅಲ್ವಾ, ಹಾಗೇ ಗುಣಿಸಿ 3 ಲಕ್ಷ ಟನ್ ಎಂದು ಬರೆದುಕೊಂಡೆ. ಅವರ ಚೀಲ 60 ಕೆಜಿ! 60 ಸಾವಿರ ಟನ್ ನನ್ನ ಪುಸ್ತಕದಲ್ಲೇ ಮಾಯವಾಗಿತ್ತು. ಅದರ ಮೇಲೆ ಚಿನ್ನದ ಗೋಜಲು ಬೇರೆ. ಉಗಾಂಡ ಹೊರಗಿನಿಂದಲೂ ಚಿನ್ನ ತರಿಸಿ, ಶುದ್ಧ ಮಾಡಿ ಕಳಿಸುತ್ತದೆ. ಅದು ಏರಿದ ವರ್ಷ ಒಟ್ಟು ರಫ್ತಿನಲ್ಲಿ ಕಾಫಿ ಪಾಲು ಕುಸಿದಂತೆ ಕಾಣುತ್ತದೆ. ಈಗ ಚಿನ್ನವನ್ನು ತೆಗೆದಿಟ್ಟೇ ಲೆಕ್ಕ ಹಾಕುತ್ತೇನೆ.

ಎರಡೂ ದೇಶದ ಒಟ್ಟು ಉತ್ಪನ್ನ, ತಲಾ ಆದಾಯ ಎಲ್ಲ ಒಂದು ಪುಟದಲ್ಲಿ ಬರೆದಿಟ್ಟಿದ್ದೆ. ಮಾರುವ ಹೊತ್ತಿಗೆ ಅದು ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಒಂದೇ ಪ್ರಶ್ನೆ: ಯಾವ ದೇಶದ ರೈತ ಮಾರದೆ ಕಾಯಬಲ್ಲ?

ಆಗ ವಿಯೆಟ್ನಾಂ ನೂರು ರೂಪಾಯಿ ರಫ್ತು ಮಾಡಿದರೆ ಅದರಲ್ಲಿ ಕಾಫಿ ಒಂದು, ಒಂದೂವರೆ ರೂಪಾಯಿ ಇತ್ತು. ಉಳಿದದ್ದು ಫೋನು, ಎಲೆಕ್ಟ್ರಾನಿಕ್ಸ್, ಬಟ್ಟೆ, ಚಪ್ಪಲಿ. ಕಾಫಿ ನಿಧಾನವಾಗಿ ಹೋದರೆ ಆ ದೇಶಕ್ಕೆ ಡಾಲರ್ ಕೊರತೆ ಆಗುವುದಿಲ್ಲ. ರೈತನ ಕೈಯಲ್ಲೂ ದುರಿಯನ್ (ಹಲಸಿನಂಥ ಮುಳ್ಳು ಹಣ್ಣು) ದುಡ್ಡಿದೆ. 2022ರಲ್ಲಿ ಚೀನಾ ತಾಜಾ ದುರಿಯನ್‌ಗೆ ಬಾಗಿಲು ತೆರೆದ ಮೇಲೆ ಕಾಫಿ, ಮೆಣಸು ಕಿತ್ತು ಅದನ್ನು ನೆಟ್ಟವರು ಎಷ್ಟೋ ಜನ. ಉಗಾಂಡದಲ್ಲಿ ಆಗ, ಚಿನ್ನ ತೆಗೆದಿಟ್ಟರೆ, ನೂರಕ್ಕೆ ಇಪ್ಪತ್ತರ ಮೇಲೆ ಕಾಫಿಯೇ ಇತ್ತು. ಸಣ್ಣ ಹಿಡುವಳಿ, ಮಕ್ಕಳ ಶಾಲೆ ಫೀಸು. ಒಣಗಿದ ಚೆರಿಗೆ ಅಲ್ಲಿ ಕಿಬೋಕೊ ಅನ್ನುತ್ತಾರೆ. ಅದು ಒಣಗಿದ ಕೂಡಲೇ ಹೋಗುತ್ತದೆ. ಸಮುದ್ರವೂ ಇಲ್ಲ, ಕೆನ್ಯಾದ ಮೊಂಬಾಸ ಬಂದರಿಗೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ.

ಅಂದರೆ ಉಗಾಂಡದ ಮಾಲು ಬರುವುದು ಖಚಿತ, ಅದೆಷ್ಟು ಎಂದೂ ಹೆಚ್ಚುಕಡಿಮೆ ಮೊದಲೇ ಗೊತ್ತು. ಆಟ ಆಡುವುದು ವಿಯೆಟ್ನಾಂ. 2024ರ ಜನವರಿಯಲ್ಲಿ ಕುಯ್ಲು ಮುಗಿದಿದ್ದರೂ ಅಲ್ಲಿ ಮಾಲು ಹೊರಗೆ ಬರುತ್ತಿರಲಿಲ್ಲ. ನಾನು ಅರ್ಧ ಮಾರಿ ಕೂಲಿ, ಗೊಬ್ಬರದ ಬಾಕಿ ತೀರಿಸಿದೆ. ಅರುವತ್ತು ಚೀಲ ಇಟ್ಟುಕೊಂಡೆ. ಬಡ್ಡಿ, ತೂಕ ಇಳಿದದ್ದು ಎಲ್ಲ ಕಳೆದು ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು ಹೆಚ್ಚಿಗೆ ಬಂತು. ಕೈಲ್‌ಪೋಳ್ದ್ ಹಬ್ಬ ಕಳೆದು, ಸೆಪ್ಟೆಂಬರ್‌ನಲ್ಲಿ, ಲಂಡನ್ ಮಾರುಕಟ್ಟೆಯ ರೊಬಸ್ಟಾ ಬೆಲೆ ಟನ್ನಿಗೆ 5,000 ಡಾಲರ್ ಮೇಲೆ ಇದ್ದಾಗ ಗೋದಾಮಿನಲ್ಲಿ ಇಲಿ ಬಿಟ್ಟರೆ ಏನೂ ಇರಲಿಲ್ಲ, ಅದು ಬೇರೆ ಮಾತು.

ಅಲ್ಲಿ ಮಾಲು ಹಿಡಿದಿಟ್ಟಿದ್ದಾರೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಎರಡು ಅಂಕಿ ನೋಡುತ್ತೇನೆ. ಒಂದು, ವಿಯೆಟ್ನಾಂ ಸೇರಿ ಯಾವ ದೇಶದಿಂದ ಎಷ್ಟು ಕಾಫಿಯನ್ನು ಇಟಲಿ ತನ್ನ ಬಂದರಿನಲ್ಲಿ ಇಳಿಸಿಕೊಂಡಿತು ಎಂಬ ಲೆಕ್ಕ. ಉಗಾಂಡಕ್ಕೂ ನಮಗೂ ಅದೇ ದೊಡ್ಡ ಗಿರಾಕಿ. ಕಳಿಸಿದವರು ಹೇಳುವ ಲೆಕ್ಕಕ್ಕಿಂತ ಇಳಿಸಿಕೊಂಡವರ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ. ತೂಕ ಮಾತ್ರ ನೋಡಿ. ಬೆಲೆಯಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುತ್ತದೆ. ಎರಡನೆಯದು ನನ್ನ ಹತ್ತಿರವೇ ಇರಲಿ.

ಈ ಹುಚ್ಚಿನಲ್ಲಿ ಎರಡು ದುರಿಯನ್ ಗಿಡವನ್ನೂ ನೆಟ್ಟೆ. ಒಂದು ಮಳೆಗಾಲದಲ್ಲಿ ಬುಡ ಕೊಳೆತು ಸತ್ತಿತು. ಇನ್ನೊಂದನ್ನು ಆನೆ ತುಳಿದು ಹೋಯಿತು. ಪಕ್ಕದಲ್ಲಿದ್ದ ಹಲಸನ್ನು ಮುಟ್ಟಿರಲಿಲ್ಲ, ವಿಚಿತ್ರ.

ಕರಿಮೆಣಸಿಗೂ ಇದೇ ಲೆಕ್ಕ ಹಾಕಿ ನೋಡಿದೆ, ವಿಯೆಟ್ನಾಂ ಪಕ್ಕಕ್ಕೆ ಬ್ರೆಜಿಲ್ ಇಟ್ಟು. ಕೂಡಿಬರಲಿಲ್ಲ. ನಮ್ಮ ಮೆಣಸು ಜಾಸ್ತಿ ಹೋಗುವುದು ದೇಶದೊಳಗಿನ ಮಾರುಕಟ್ಟೆಗೇ. 2017ರ ಕೊನೆಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂದ ಮೇಲೆ ಹೊರಗಿನ ಬೆಲೆ ನೋಡಿ ಇಲ್ಲಿಯದನ್ನು ಹೇಳುವುದು ಕಷ್ಟ. ಈ ಸಲವೂ ಒಣಗಿಸಿ, ತೂರಿ, ಎಲ್ಲರ ಹಾಗೆ ಸುಮ್ನೆ ಮಾರಿದೆ.